ವಿಮಾನ ಇಳಿಯದ ದಿನದ ಕೂಲಿ

ಅಂಬುಬಾಯಿಯ ಕಲ್ಲು ಹಕ್ಕಿಗೆ ಬಡಿಯುತ್ತಿರಲಿಲ್ಲ. ಗೇಣು ಆಚೆ ಬೀಳುತ್ತಿತ್ತು. ಅದು ಗುರಿ ತಪ್ಪಿದ್ದಲ್ಲ, ಅವಳ ಗುರಿಯೇ ಅದು. ದಿನಾ ನಸುಕಿನಲ್ಲಿ ಬುದ್ಧನ ಫೋಟೊದ ಮುಂದೆ ದೀಪ ಹಚ್ಚಿ, ಕಣ್ಣು ಮುಚ್ಚಿ ಪಂಚಶೀಲ ಹೇಳುವ ಹೆಂಗಸು. ಪ್ರಾಣ ತೆಗೆಯುವುದಿಲ್ಲ ಎಂಬುದು ಮೊದಲ ಮಾತು. ಆ ಮಾತು ಹೇಳಿ ಎದ್ದವಳೇ ಕವಣೆ ಹೆಗಲಿಗೆ ಹಾಕಿ ಹಕ್ಕಿ ಓಡಿಸಲು ಹೋಗುತ್ತಿದ್ದಳು. ಎರಡೂ ಒಂದೇ ಕೈಯ ಕೆಲಸ. ಇಪ್ಪತ್ತು ವರ್ಷ ಹಾಗೇ ನಡೆಸಿದ್ದಳು.

ಮೊದಲು ಗೌಡರ ಜೋಳದ ಹೊಲದಲ್ಲಿ. ನಾಲ್ಕು ಕಂಬದ ಅಟ್ಟ, ಮೇಲೆ ಅಂಬುಬಾಯಿ. ತೆನೆಗೆ ಹಾಲು ತುಂಬಿದಾಗ ಹತ್ತಿ ನಿಂತರೆ, ಕಾಳು ಗಟ್ಟಿಯಾಗುವ ತನಕ ಇಳಿಯುವಂತಿಲ್ಲ. ಆಮೇಲೆ ಆ ಹೊಲವೂ, ಅದರ ಸುತ್ತಲಿನ ಕರಿ ಭೂಮಿಯೂ ಹೋಯಿತು. ಇಜೇರಿ ದಾರಿಯ ಎಡಕ್ಕೆ ತಂತಿ ಬೇಲಿ ಎದ್ದಿತು, ಒಳಗೆ ವಿಮಾನ ಇಳಿಯಲು ಡಾಂಬರಿನ ಉದ್ದನೆಯ ಪಟ್ಟಿ. ಗೌಡರಿಗೆ ಪರಿಹಾರ ಬಂತು. ಕಲಬುರ್ಗಿಯಲ್ಲಿ ಮೂರು ಅಂತಸ್ತಿನ ಮನೆ ಎದ್ದಿತು. ಅಟ್ಟದ ಮೇಲೆ ನಿಂತವಳಿಗೆ ಏನು ಎಂದು ಯಾರೂ ಕೇಳಲಿಲ್ಲ.

ಹಕ್ಕಿಗಳಿಗೂ ಯಾರೂ ಹೇಳಲಿಲ್ಲ. ಅವು ತಮ್ಮ ಹಳೆಯ ರೂಢಿಯಲ್ಲಿ ಚಳಿಗಾಲಕ್ಕೆ ಬಂದವು. ಎಲ್ಲಿಂದಲೋ ಬರುವ, ಬೆನ್ನು ಗುಲಾಬಿ, ತಲೆ ಕಪ್ಪಾದ ಹಕ್ಕಿಗಳ ಹಿಂಡು. ಎದ್ದರೆ ಮೋಡ, ಕೂತರೆ ಕಂಬಳಿ. ಬೇಲಿಯಾಚೆ ಇನ್ನೂ ಉಳಿದ ಜೋಳ ತಿಂದು, ಬೇಲಿಯೊಳಗಿನ ಹುಲ್ಲಿಗೆ ಬಂದು ಕೂತವು. ಮೊದಲ ತಿಂಗಳಲ್ಲೇ ಒಂದು ವಿಮಾನದ ಫಂಕಕ್ಕೆ ಹಕ್ಕಿ ಸಿಕ್ಕು ದೊಡ್ಡ ಗದ್ದಲವಾಯಿತು. ಆಗ ಗುತ್ತೇದಾರರ ಜೀಪು ಊರೊಳಗೆ ಬಂತು. ಕವಣೆ ಬೀಸಲು ಬರುವ ಹೆಂಗಸರು ಬೇಕು ಎಂದರು.

ಮೂವರು ಹೋದರು. ಅಂಬುಬಾಯಿ, ಮಾತಿಗೆ ಮಾತು ಕೂಡಿಸುವ ನಿಂಬೆವ್ವ, ತಗಡಿನ ಡಬ್ಬಿ ಬಡಿಯುವ ಕುಲಸುಮಬಿ. ಒಂದು ಪಾಳಿಗೆ ಮುನ್ನೂರೈವತ್ತು ರೂಪಾಯಿ. ದಿನಕ್ಕೊಂದೇ ವಿಮಾನ, ಬೆಳಿಗ್ಗೆ ಎಂಟಕ್ಕೆ. ಇವರು ಐದೂವರೆಗೆ ಬೇಲಿಯೊಳಗಿರಬೇಕು. ಇಬ್ಬನಿಯ ಹುಲ್ಲಿನಲ್ಲಿ ಮೊಣಕಾಲ ತನಕ ಸೀರೆ ತೊಯ್ಯುತ್ತಿತ್ತು. ಕವಣೆಯ ಹಗ್ಗ ಬೆರಳಿನ ಸಂದಿಯನ್ನು ದಿನಾ ಅದೇ ಜಾಗದಲ್ಲಿ ಕೊಯ್ಯುತ್ತಿತ್ತು. ಬಲ ತೋಳು ಸಂಜೆಗೆ ರೊಟ್ಟಿ ಬಡಿಯಲು ಏಳುತ್ತಿರಲಿಲ್ಲ. ಹೊಸ ಕಟ್ಟಡದಲ್ಲಿ ಹನ್ನೆರಡು ಪಾಯಖಾನೆ ಇದ್ದವು. ಇವರಿಗೆ ಅಲ್ಲಿಗೆ ಹೋಗುವ ಪಾಸು ಇರಲಿಲ್ಲ. ಹುಲ್ಲಿನ ಮರೆಗೆ ಹೋದರೆ ಕಂಬದ ಮೇಲಿನ ಕ್ಯಾಮರಾ ತಿರುಗುತ್ತಿತ್ತು. ಅದಕ್ಕೇ ಬೆಳಿಗ್ಗೆ ನೀರು ಕುಡಿಯದೆ ಬರುತ್ತಿದ್ದರು.

ಇದೆಲ್ಲ ಇರಲಿ. ಹೊಟ್ಟೆಯೊಳಗೆ ಮುಳ್ಳಾಗಿ ಕೂತದ್ದು ಬೇರೆ ಸಂಗತಿ. ವಿಮಾನ ಇಳಿದರೆ ಮಾತ್ರ ಪಾಳಿ. ಮಂಜು ಬಿದ್ದು ವಿಮಾನ ಬರದಿದ್ದರೆ ಅವತ್ತಿನ ಹಾಜರಿ ಇಲ್ಲ. ಬರುವುದಿಲ್ಲ ಎಂದು ಮೊದಲೇ ಹೇಳುತ್ತಿರಲಿಲ್ಲ. ಐದೂವರೆಯಿಂದ ಹತ್ತರ ತನಕ ನಿಲ್ಲಿಸಿಕೊಂಡು, ಆಮೇಲೆ ಸೂಪರ್‌ವೈಜರ್ ಸೂರ್ಯಕಾಂತ ದೂರದಿಂದ ಕೈ ಬೀಸುತ್ತಿದ್ದ. ಹೋಗ್ರಿ ಅಂತ. ಆ ಪುಷ್ಯದಲ್ಲಿ ಹನ್ನೊಂದು ದಿನ ಹಾಗೆ ಕೈ ಬೀಸಿದ.

ಅದಾದ ಮೇಲೆ ಒಂದು ದಿನ ವಿಮಾನ ಬಂತು, ಬಂದದ್ದು ಹೋಗಲಿಲ್ಲ. ಮುಂದಿನ ಊರಲ್ಲಿ ಮಂಜು. ಪ್ರಯಾಣಿಕರು ಕಟ್ಟಡದೊಳಗೆ ಬೈಯುತ್ತ ಕೂತಿದ್ದರು. ಯೂನಿಫಾರ್ಮು ಕಂಡರೆ ಮುತ್ತಿಕೊಳ್ಳುತ್ತಾರೆಂದು ಇಬ್ಬರು ಪೈಲಟ್‌ಗಳು ತಪ್ಪಿಸಿಕೊಂಡು, ಬೆಂಕಿ ಆರಿಸುವ ಗಾಡಿಯ ತಗಡಿನ ಶೆಡ್ಡಿಗೆ ಬಂದರು. ಶೆಡ್ಡಿನ ಹಿಂದಿನ ನೆರಳಲ್ಲಿ ಮೂವರು ಹೆಂಗಸರು ರೊಟ್ಟಿ ಬಿಚ್ಚಿದ್ದರು. ಅವರು ಇವರನ್ನು ನೋಡಲಿಲ್ಲ. ಇವರಿಗೆ ಅವರ ಮಾತು ಕೇಳಿಸಿತು.

ಒಬ್ಬ ಹಿರಿಯ, ತಲೆ ನರೆತವ. ಇನ್ನೊಬ್ಬಳು ಹುಡುಗಿ, ಹೆಗಲ ಮೇಲೆ ಎರಡು ಪಟ್ಟಿ. ಹಿಂದಿಯಲ್ಲಿ ಮಾತು. ಕುಲಸುಮಬಿಯ ಜೊತೆ ಇಪ್ಪತ್ತು ವರ್ಷ ಉಂಡು ಕೂತ ಅಂಬುಬಾಯಿಗೆ ಹಿಂದಿ ಏನು ದೊಡ್ಡದಲ್ಲ.

"ಈ ತಿಂಗಳು ನಿನ್ನವು ಎಷ್ಟಾದವು?" ಹಿರಿಯ ಕೇಳಿದ.

"ಐವತ್ತೆಂಟು."

"ನನ್ನವು ಅರವತ್ತೊಂದು. ಮಂಜು ಕೊಂದು ಹಾಕಿತು."

ನಿಂಬೆವ್ವ ಪಿಸುಗುಟ್ಟಿದಳು. "ವಯಸ್ಸು ಹೇಳಾಕತ್ತಾರೇನ ಬೇ? ಆ ಹುಡುಗಿಗಿ ಐವತ್ತೆಂಟಾದ್ರ, ನಾ ಇನ್ನ ತೊಟ್ಟಿಲದಾಗ ಇದ್ದೇನಿ ನೋಡು."

ವಯಸ್ಸಲ್ಲ, ರೂಪಾಯಿಯೂ ಅಲ್ಲ. ಕೇಳುತ್ತ ಕೇಳುತ್ತ ಅಂಬುಬಾಯಿಗೆ ತಿಳಿಯಿತು. ಅವರು ಪಗಾರದ ಮಾತನ್ನು ತಾಸಿನಲ್ಲಿ ಆಡುತ್ತಾರೆ. ರೂಪಾಯಿ ಎಂಬ ಶಬ್ದ ಬಾಯಿಗೇ ಬರುವುದಿಲ್ಲ. ಬ್ರೇಕು ಬಿಟ್ಟು ಚಕ್ರ ಉರುಳಿದಾಗ ಮೀಟರು ಚಾಲೂ. ನಿಂತು ಬ್ರೇಕು ಹಾಕಿದರೆ ಬಂದ್.

"ಈಗ ನೋಡು," ಹಿರಿಯ ಶರ್ಟಿನ ಗುಂಡಿ ಸಡಿಲಿಸಿದ. "ಎರಡು ತಾಸಾಯ್ತು ಇಲ್ಲಿ ತಗಡಿನ ಕೆಳಗೆ ಬೇಯುತ್ತಿದ್ದೇವೆ. ಪೂರಾ ಫುಕಟ್! ಟ್ಯಾಕ್ಸಿಯವನಾದರೂ ವೇಟಿಂಗ್ ಕೇಳುತ್ತಾನೆ. ನಾವು ಮೇಲೆ ಹಾರುವ ಹಮಾಲರು. ಮಗಳ ಕಾಲೇಜು, ಫ್ಲ್ಯಾಟಿನ ಕಂತು, ಮೂರರಲ್ಲೊಂದು ಪಾಲು ಸರ್ಕಾರಕ್ಕೆ. ನನ್ನ ಜೊತೆಯವ ದುಬೈಗೆ ಹೋದ, ಆರಾಮ ಇದ್ದಾನೆ."

ಅಂಬುಬಾಯಿಯ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. ಇವರೂ ಪುಕ್ಕಟೆ ನಿಲ್ಲುತ್ತಾರೆ! ಬಂಗಾರದ ಪಟ್ಟಿ ಹಾಕಿದವರೂ! ಅವಳಿಗೆ ಒಂದು ಗಳಿಗೆ ಎದೆ ಹಗುರಾಯಿತು. ಮಂದಿ ಬೇರೆ ಬೇರೆ, ಕಷ್ಟ ಒಂದೇ ಅನ್ನಿಸಿತು.

ಆಗ ಹುಡುಗಿ ಅಂದಳು, "ಎಪ್ಪತ್ತು ಪಕ್ಕಾ ಇದೆಯಲ್ಲ ಸರ್, ಹಾರಲಿ ಬಿಡಲಿ."

"ಹಾಂ, ಅದೊಂದಿದೆ. ಲಾಕ್‌ಡೌನಿನಲ್ಲಿ ಅದನ್ನೂ ಕಿತ್ತುಕೊಂಡಿದ್ದರು. ನಾವೆಲ್ಲ ಕೂಡಿ ಗದ್ದಲ ಮಾಡಿದ ಮೇಲೆ ವಾಪಸು ಕೊಟ್ಟರು."

ಹಿರಿಯನಿಗೆ ಫೋನು ಬಂದು ಅತ್ತ ಹೋದ. ಹುಡುಗಿ ಶೆಡ್ಡಿನ ಹಿಂದಕ್ಕೆ ಬಂದಳು. ಬಂದವಳು ಕನ್ನಡದಲ್ಲೇ ಕೇಳಿದಳು.

"ಮೌಶಿ, ಕುಡ್ಯಾಕ ನೀರ ಅದಾವೇನ್ರಿ?"

ಮೂವರೂ ಎದ್ದು ನಿಂತರು. ಬಾಟಲಿ ಅಂಬುಬಾಯಿಯದು. ತಾನು ಮುಟ್ಟಿದ ನೀರು ಕೊಡಲೋ ಬೇಡವೋ ಎಂದು ಅವಳ ಕೈ ಹಿಂದೆ ಮುಂದೆ ಆಯಿತು. ನಲವತ್ತೈದು ವರ್ಷದ ಕೈ, ಅದಕ್ಕೆ ಅಭ್ಯಾಸ ಅದೇ. ಹುಡುಗಿ ತಾನೇ ಇಸಕೊಂಡು ಗಟಗಟ ಕುಡಿದಳು.

"ಯಾವೂರ ಯವ್ವಾ ನಿಮ್ದು?"

"ಆಳಂದ ಕಡೆ ಮಟಕಿ ಊರ್ರಿ. ಹುಲೆಪ್ಪನ ಮಮ್ಮಗಳು ನಾನು. ಯಶೋಧರಾ."

ಬುದ್ಧನ ಹೆಂಡತಿಯ ಹೆಸರು ಕೇಳಿದ್ದೇ ಅಂಬುಬಾಯಿ ಎರಡೂ ಕೈ ಜೋಡಿಸಿದಳು. "ಜೈಭೀಮ್ ತಾಯೀ."

"ಜೈಭೀಮ್ ಮೌಶಿ!" ಹುಡುಗಿ ನಕ್ಕಳು. ಆ ನಗು ಮನೆಯೊಳಗಿನ ನಗು.

ನಮ್ಮ ಕೇರಿಯ ಕೂಸು ಆಕಾಶದಲ್ಲಿ ಕೂತು ಬರುತ್ತದೆ, ನಾನು ಕೆಳಗೆ ನಿಂತು ಅದಕ್ಕೆ ದಾರಿ ಬಿಡಿಸುತ್ತೇನೆ. ಅಂಬುಬಾಯಿ ಹಾಗೆ ಅಂದುಕೊಂಡಳು. ಆದರೂ ಕೇಳುವುದನ್ನು ಕೇಳಿದಳು.

"ಹಾರದಿದ್ರೂ ಎಪ್ಪತ್ತ ತಾಸಿಂದು ಕೊಡ್ತಾರಂದೆಲ್ಲ ಯವ್ವಾ, ಅದ್ಯಾಕ?"

"ಹಾರಾಕ ತಯಾರಾಗಿ ಕುಂತಿರ್ತೇವಲ್ಲ ಮೌಶಿ. ಮಂಜು ಬಿದ್ರ ಅದು ನಮ್ಮ ತಪ್ಪಲ್ಲಲ."

ಅಷ್ಟೇ ಮಾತು. ಫೋನು ಮುಗಿಸಿ ಹಿರಿಯ ಕರೆದ. ಹುಡುಗಿ ಓಡಿದಳು. ಅಂಬುಬಾಯಿ ಆ ಮಾತನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು.

ಮರುದಿನ ಸೂರ್ಯಕಾಂತನ ಕುರ್ಚಿಯ ಮುಂದೆ ಮೂವರೂ ನಿಂತರು. ಅಂಬುಬಾಯಿಯೇ ಮಾತಾಡಿದಳು.

"ಹನ್ನೊಂದ ದಿನ ನಿಂತೇವ್ರಿ ಸಾಹೇಬ್ರ. ಆ ಹಾಜರಿ ಹಾಕ್ರಿ."

"ಇಮಾನ ಬಂದಿಲ್ಲ."

"ನಾವು ಬಂದಿದ್ದಿವ್ರಿ."

"ಇಮಾನ ಇಲ್ಲಂದ್ರ ಹಕ್ಕಿ ಓಡಿಸಿದ್ದು ಯಾರ ಸಲುವಾಗಿ? ನಿಮ್ಮ ಮಾವನ ಸಲುವಾಗೇನು?"

"ಪೈಲಟ್ ಮಂದಿಗಿ ಹಾರದಿದ್ರೂ ಕೊಡ್ತಾರಂತ್ರಿ. ತಯಾರಾಗಿ ಕುಂತಿರ್ತಾರ ಅಂತ."

ಸೂರ್ಯಕಾಂತ ಕುರ್ಚಿಯಲ್ಲೇ ಹಿಂದಕ್ಕೆ ವಾಲಿ ನಕ್ಕ. ಟ್ರಾಲಿ ತಳ್ಳುವವರನ್ನು ಕರೆದ. "ಏ, ಬರ್ರಿ ಇಲ್ಲಿ, ನಮ್ಮ ಪೈಲಟ್ ಅಂಬುಬಾಯಿನ ನೋಡ್ರಿ. ಎಲ್ಲಿಟ್ಟೀ ಬೇ ನಿನ್ನ ಇಮಾನ? ತಿಪ್ಪಿ ಹಿಂದೇನು?" ಅವರೂ ನಕ್ಕರು. ನಗದಿದ್ದರೆ ಅವರ ಹಾಜರಿಯೂ ಅವನ ಕೈಯಲ್ಲೇ ಇತ್ತು.

ಅಂಬುಬಾಯಿ ತಲೆ ತಗ್ಗಿಸಲಿಲ್ಲ. ಸಾವಕಾಶವಾಗಿ ಅಂದಳು.

"ಗೌಡರ ಹೊಲದಾಗ ಇಪ್ಪತ್ತ ವರ್ಷ ನಿಂತೇನ್ರಿ. ಒಂದೊಂದಿನ ಒಂದ ಹಕ್ಕಿನೂ ಬರ್ತಿರಲಿಲ್ಲ. ಅವತ್ತಿನ ಜ್ವಾಳ ಅಳೆಯೂದು ಗೌಡ ಬಿಟ್ಟಿಲ್ಲ. ಕೆಟ್ಟ ಮನಷ್ಯಾನೇ ಅಂವ. ನಮ್ಮ ನೆರಳ ಬಿದ್ರ ಬೈತಿದ್ದ. ಆದ್ರೂ ಹಕ್ಕಿ ಬರಲಿಲ್ಲ ಕೂಲಿ ಇಲ್ಲ ಅಂತ ಅಂದಿಲ್ಲ. ನಾ ನಿಂತಿದ್ದಕ್ಕೇ ಹಕ್ಕಿ ಬಂದಿಲ್ಲಂತ ಅವನಿಗಿ ಗೊತ್ತಿತ್ತು."

"ಅದು ಹೊಲ. ಇದು ಕಾಂಟ್ರ್ಯಾಕ್ಟ್. ನಿಂತಿದ್ರಿ ಅಂತ ಯಾರರೆ ದೊಡ್ಡವರು ಬರದುಕೊಡಲಿ, ನೋಡೋಣು."

ಹೊರಗೆ ಬಂದ ಮೇಲೆ ನಿಂಬೆವ್ವ, "ಕ್ಯಾಮರಾನ ಕರಕೊಂಡ ಬರ್ಬೇಕಿತ್ತವ್ವ ಸಾಕ್ಷಿಗಿ. ನಮ್ಮ ಎಲ್ಲಾ ನೋಡ್ಯದ ಅದು," ಅಂದಳು. ಕುಲಸುಮಬಿ ನಗಲು ಹೋಗಿ ಅತ್ತಳು.

ದೊಡ್ಡವರು ಅಂದರೆ ಅಂಬುಬಾಯಿಗೆ ಒಂದೇ ಮುಖ ಕಂಡಿತು. ನಾಲ್ಕು ದಿನ ಕಾದಳು. ಐದನೆಯ ದಿನ ವಿಮಾನ ಇಳಿದು ನಿಂತಾಗ ಯಶೋಧರಾ ಕೆಳಗಿಳಿದು, ಎಂದಿನಂತೆ ಚಕ್ರ ರೆಕ್ಕೆ ನೋಡುತ್ತ ವಿಮಾನಕ್ಕೆ ಒಂದು ಸುತ್ತು ಬಂದಳು. ಹುಲ್ಲಿನ ಅಂಚಿಗೆ ಒಂದು ಕೆಂಪು ಗೆರೆ. ಹೆಂಗಸರು ಅದನ್ನು ದಾಟುವಂತಿಲ್ಲ. ಗೆರೆಯ ಮೇಲೆ ನಿಂತು ಅಂಬುಬಾಯಿ ಕೈ ಮಾಡಿದಳು. ಹುಡುಗಿ ಗುರುತು ಹಿಡಿದು ಬಂದಳು. ಎಲ್ಲ ಕೇಳಿದಳು. ಮುಖ ಸಣ್ಣದಾಯಿತು.

"ನಾ ಹ್ಯಾಂಗ ಬರದುಕೊಡ್ಲಿ ಮೌಶಿ?"

"ಎರಡ ಅಕ್ಷರ ಯವ್ವಾ. ಇವ್ರು ನಿಂತಿದ್ರು ಅಂತ."

"ಆ ದಿನ ನಾ ಬಂದೇ ಇಲ್ಲಲ. ಇಮಾನನ ಬರಲಾರದ ದಿನ ನೀವು ನಿಂತಿದ್ರಿ ಅಂತ ನಾ ನೋಡೇನೇನು?"

ಅಂಬುಬಾಯಿ ಇದನ್ನು ಯೋಚಿಸಿರಲಿಲ್ಲ. ಬಂದ ದಿನದ ಸಾಕ್ಷಿ ಬೇಕಾಗಿಲ್ಲ. ಬರದ ದಿನದ ಸಾಕ್ಷಿಗೆ ಯಾರೂ ಇಲ್ಲ. ಖಾಲಿ ಆಕಾಶದ ಕೆಳಗೆ ಮೂವರು ನಿಂತಿದ್ದನ್ನು ನೋಡಿದ್ದು ಆ ಮೂವರೇ.

ಹುಡುಗಿ ದನಿ ತಗ್ಗಿಸಿದಳು. "ನನ್ನ ಕಲಿಸಾಕ ನಮ್ಮಪ್ಪ ಪ್ಲಾಟು ಮಾರ್ಯಾನ. ಕಂಪನಿಗಿ ಐದ ವರ್ಷದ ಬಾಂಡ್ ಬರಕೊಟ್ಟೇನಿ. ಇಂಥಾದ್ರಾಗ ನನ್ನ ಹೆಸರ ಬಂತಂದ್ರ ನೋಟಿಸ್ ಕೊಡ್ತಾರ. ಆ ಸೀಟಿನ್ಯಾಗ ನಾ ಕುಂತಿದ್ದ ಯಾರಿಗೂ ಸೇರಂಗಿಲ್ಲ ಮೌಶಿ. ಒಂದ ತಪ್ಪಿಗಿ ಕಾಯಾಕತ್ತಾರ."

ಅವಳ ಕಣ್ಣಲ್ಲಿ ನೀರಿತ್ತು. ಸುಳ್ಳಿನ ನೀರಲ್ಲ. ಅಂಬುಬಾಯಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಷ್ಟು ಮೇಲೆ ಹೋದವಳಿಗೂ ಬಾಯಿ ಇಲ್ಲವೆಂದರೆ, ಇನ್ನೆಷ್ಟು ಮೇಲೆ ಹೋಗಬೇಕು?

"ಇರಲಿ ತಾಯೀ. ನೀ ಹುಷಾರಾಗಿ ಹಾರು," ಅಂದಳು.

ಅವತ್ತೇ ಮೂವರೂ ನಿಶ್ಚಯ ಮಾಡಿದರು. ನಾಳೆ ಬರುವುದು. ಹುಲ್ಲಿನ ಮೇಲೆ ಕೂಡುವುದು. ಹನ್ನೊಂದು ದಿನದ ಹಾಜರಿ ಬೀಳುವ ತನಕ ಕವಣೆ ಎತ್ತುವುದಿಲ್ಲ. ಪೈಲಟ್‌ಗಳು ಕೂಡಿ ಗದ್ದಲ ಮಾಡಿದರಂತೆ. ನಮಗೆ ಗದ್ದಲ ಮಾಡಲು ಬರುವುದಿಲ್ಲ, ಕೂಡಲಾದರೂ ಬರುತ್ತದೆ.

ಕೂತರು. ನಿಂತು ನಿಂತು ಬಾತ ಮೀನಖಂಡಕ್ಕೆ ಮೊದಲ ಸಲ ನೆಲ ಸಿಕ್ಕಿತು. ಏಳೂವರೆಗೆ ಸೂರ್ಯಕಾಂತ ಓಡಿ ಬಂದ.

"ಏಳ್ರಿ! ಇಮಾನ ಬರಾಕತ್ತದ, ಏಳ್ರಿ ಬೇ!"

"ಹಾಜರಿ ಹಾಕ್ರಿ, ಏಳ್ತೇವಿ."

"ಪೊಲೀಸರಿಗಿ ಹೇಳ್ತೇನಿ. ಒದ್ದು ಒಳಗ ಹಾಕ್ತಾರ."

"ಹೇಳ್ರಿ. ಅಲ್ಲಿ ಪಾಯಖಾನಿಯರೆ ಇರ್ತದ," ಅಂದಳು ನಿಂಬೆವ್ವ.

ಅವನು ಬೇಡಿಕೊಂಡ. ಬೈದ. ಜಾತಿ ಎತ್ತಿ ಬೈದ. ಅಂಬುಬಾಯಿ ಕವಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದಳು. ಹೆದರಿಕೆ ಇತ್ತು. ಆದರೆ ನಡು ನೆಟ್ಟಗಿತ್ತು. ತನ್ನ ನಡು ಅಷ್ಟು ನೆಟ್ಟಗಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಉತ್ತರದಲ್ಲಿ ಸಣ್ಣ ಸದ್ದು ಕೇಳಿತು. ಬೆಳ್ಳಗೆ ಒಂದು ಚುಕ್ಕಿ ಕಂಡಿತು. ಅದೇ ಹೊತ್ತಿಗೆ ಬೇಲಿಯಾಚೆ ರೈತ ಭೀಮಶಾನ ಜೋಳದ ಹೊಲದಿಂದ ಹಿಂಡು ಎದ್ದಿತು. ಸಾವಿರ ಹಕ್ಕಿ. ಒಂದು ಸುತ್ತು ಹಾಕಿ, ಮಡಚಿ ಬಿಚ್ಚಿದ ಸೀರೆಯ ಹಾಗೆ ಡಾಂಬರಿನ ಕಡೆ ಹೊರಳಿತು.

"ಏಳಬ್ಯಾಡ ಬೇ ಅಂಬೂ," ನಿಂಬೆವ್ವ ಅವಳ ಸೆರಗು ಹಿಡಿದಳು. "ಈಗ ಎದ್ರ ಎಂದೂ ಕೊಡಂಗಿಲ್ಲ."

ಅದು ಅಂಬುಬಾಯಿಗೂ ಗೊತ್ತಿತ್ತು. ಚುಕ್ಕಿ ದೊಡ್ಡದಾಯಿತು. ಅದರೊಳಗೆ ಎರಡು ಪಟ್ಟಿಯ ಹುಡುಗಿ. ಅವಳ ಹಿಂದೆ ಎಪ್ಪತ್ತು ಜೀವ. ಮುಂದೆ ಸಾವಿರ ಜೀವ. ನಸುಕಿನಲ್ಲಿ ಹೇಳಿದ ಮಾತು ಬಾಯಲ್ಲಿ ಇನ್ನೂ ಆರಿರಲಿಲ್ಲ.

ಸಿಟ್ಟು ಕೂತೇ ಇತ್ತು. ಕೈ ಎದ್ದಿತು. ಅದರ ಹಿಂದೆ ಕಾಲು.

ಸೆರಗು ನಿಂಬೆವ್ವನ ಕೈಯಲ್ಲಿ ಪರ್ ಅಂತ ಹರಿಯಿತು. ಅಂಬುಬಾಯಿ ಓಡಿದಳು. ಕೆಂಪು ಗೆರೆ ದಾಟಿದಳು. ಹೋ ಹೋ ಹೋ ಎಂದು ಇಪ್ಪತ್ತು ವರ್ಷದ ಅಟ್ಟದ ದನಿ ತೆಗೆದಳು. ಒಂದು ಕಲ್ಲು, ಎರಡು, ಮೂರು. ಹಿಂಡು ನಡುವೆ ಒಡೆಯಿತು. ಅರ್ಧ ಹಿಂದಕ್ಕೆ ಹೊರಳಿತು, ಅರ್ಧ ಮೇಲೆ ಎದ್ದಿತು. ಇಳಿಯುತ್ತಿದ್ದ ವಿಮಾನ ಒಮ್ಮೆಲೆ ಮೂತಿ ಎತ್ತಿತು. ಗುಡುಗಿನ ಹಾಗೆ ಅವಳ ತಲೆಯ ಮೇಲೆ ಹಾದು ಏರಿತು. ಗಾಳಿಗೆ ಅವಳು ಅಂಗಾತ ಬಿದ್ದಳು. ಬಿದ್ದಲ್ಲಿಂದಲೇ ನೋಡಿದಳು. ಒಂದು ಹಕ್ಕಿಯೂ ಬೀಳಲಿಲ್ಲ.

ವಿಮಾನ ಎರಡು ಸುತ್ತು ಹಾಕಿತು. ಆಮೇಲೆ ಹೈದರಾಬಾದಿಗೆ ಹೋಯಿತು.

ಮಧ್ಯಾಹ್ನ ಸೂರ್ಯಕಾಂತ ಒಂದು ಹಾಳೆ ಮುಂದಿಟ್ಟ. ಹಕ್ಕಿ ಬಂದಾಗ ನಾವು ಸ್ಥಳದಲ್ಲಿ ಇರಲಿಲ್ಲ, ತಪ್ಪು ನಮ್ಮದು ಎಂದು ಬರೆದಿತ್ತು. ಸಹಿ ಮಾಡಿದರೆ ಈ ತಿಂಗಳು ದುಡಿದ ಪಾಳಿಗಳ ಪಗಾರ. ಮಾಡದಿದ್ದರೆ ಅದೂ ಇಲ್ಲ. ಹೇಗೂ ನಾಳೆಯಿಂದ ಬರುವುದು ಬೇಡ, ಹಕ್ಕಿ ಬೆದರಿಸುವ ಗ್ಯಾಸಿನ ತೋಪು ಬರುತ್ತದೆ, ಅದು ತಾನೇ ಢಂ ಅನ್ನುತ್ತದೆ. ಅದು ಹಾಜರಿ ಕೇಳುವುದಿಲ್ಲ.

"ಇವತ್ತಿನ ಪಾಳಿ?" ಅಂಬುಬಾಯಿ ಕೇಳಿದಳು. ಮೊಣಕೈ ಕಿತ್ತು ರಕ್ತ ಒಣಗಿತ್ತು.

"ಇಮಾನ ಇಳದದೇನು?"

ಅವಳು ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವನ ಪುಸ್ತಕದಲ್ಲಿ ಹಾಗೇ ಇತ್ತು. ಮೇಲೆ ಸುತ್ತು ಹಾಕಿದ ತಾಸು ಅಲ್ಲಿ ಯಾರದೋ ಮೀಟರಿನಲ್ಲಿ ಬಿದ್ದಿತ್ತು. ಕೆಳಗೆ ಓಡಿದ್ದು ಎಲ್ಲೂ ಬಿದ್ದಿರಲಿಲ್ಲ.

ಕುಲಸುಮಬಿ ಸಹಿ ಮಾಡಿದಳು. ಗಂಡನಿಗೆ ಡಯಾಲಿಸಿಸ್ ಇತ್ತು. ಅವಳನ್ನು ಯಾರೂ ಏನೂ ಅನ್ನಲಿಲ್ಲ. ನಿಂಬೆವ್ವ ಹೆಬ್ಬೆರಳು ಒತ್ತಿದಳು, ಯಾರ ಕಡೆಗೂ ನೋಡದೆ.

ಅಂಬುಬಾಯಿ ಹಾಳೆಯನ್ನು ಅವನ ಕಡೆಗೇ ಸರಿಸಿದಳು.

"ನಾ ಅಲ್ಲೇ ಇದ್ದೆ," ಅಂದಳು.

"ಪಗಾರ ಬ್ಯಾಡೇನು?"

"ಬೇಕ್ರಿ. ಆದ್ರ ನಾ ಅಲ್ಲೇ ಇದ್ದೆ."

ಬರಿಗೈಯಲ್ಲಿ ಹೊರಗೆ ಬಂದಳು. ಹೊರಗೆ ಅದೇ ಬಿಸಿಲು, ಅದೇ ರಸ್ತೆ. ಏನೂ ಬದಲಾಗಿರಲಿಲ್ಲ.

ವಾರದ ಮೇಲೆ ಅವಳು ಭೀಮಶಾನ ಹೊಲದಲ್ಲಿ ಅಟ್ಟ ಹತ್ತಿದಳು. ನಾಲ್ಕು ಎಕರೆ ಜೋಳ, ಬೇಲಿಗೆ ಅಂಟಿಕೊಂಡೇ ಇತ್ತು. ಭೀಮಶಾ ಒಳ್ಳೆಯವ. ಹಕ್ಕಿ ಬರಲಿ ಬಿಡಲಿ ದಿನಕ್ಕೆ ಮೂರು ಸೇರು ಜೋಳ ಅಂದಿದ್ದ. ಕಾಳು ಉಳಿದರೆ ಮಾತ್ರ ಸೇರು, ಅದನ್ನೂ ಅಂದಿದ್ದ. ಅದು ನ್ಯಾಯದ ಮಾತು.

ಬೇಲಿಯೊಳಗೆ ತೋಪು ಢಂ ಅಂದಿತು. ಹುಲ್ಲಿನಲ್ಲಿದ್ದ ಹಿಂಡು ಎದ್ದು, ಬೇಲಿ ಹಾರಿ, ನೇರ ಭೀಮಶಾನ ಜೋಳಕ್ಕೆ ಬಂದು ಬಿತ್ತು. ಸಾವಿರ ಕೊಕ್ಕು. ಹಾಲುಗಾಳು ಒಡೆಯುವ ಸಪ್ಪಳ ಅಟ್ಟದ ತನಕ ಕೇಳುತ್ತಿತ್ತು.

ಅಂಬುಬಾಯಿ ಕಲ್ಲು ಇಟ್ಟಳು. ಕವಣೆ ಎತ್ತಿದಳು. ಅಷ್ಟರಲ್ಲಿ ಉತ್ತರದಲ್ಲಿ ವಿಮಾನದ ಸದ್ದು.

ಈಗ ಬೀಸಿದರೆ ಇವು ಎದ್ದು ಹೋಗುವುದು ಬೇಲಿಯೊಳಗಿನ ಡಾಂಬರಿನ ಕಡೆಗೇ. ಬೇರೆ ದಿಕ್ಕಿಲ್ಲ.

"ಅಂಬುಬಾಯಿ!" ಬದುವಿನ ಮೇಲಿಂದ ಭೀಮಶಾ ಕೂಗಿದ. "ಓಡಸಬೇ! ತಿನ್ನಾಕತ್ತಾವ ನೋಡು, ಓಡಸು!"

ಅವಳು ಓಡಿಸಲಿಲ್ಲ. ಕವಣೆ ತಲೆಯ ಮೇಲೆ ಹಾಗೇ ನಿಂತಿತ್ತು. ಬೆಳ್ಳಗಿನ ಚುಕ್ಕಿ ದೊಡ್ಡದಾಯಿತು. ಒಳಗಿರುವ ಹುಡುಗಿ ತನ್ನ ಎಪ್ಪತ್ತು ತಾಸಿನಲ್ಲಿ ಇವಳು ಹೀಗೆ ನಿಂತ ಗಳಿಗೆಯನ್ನು ಎಲ್ಲಿ ಸೇರಿಸುತ್ತಾಳೋ.

"ಕಿವಿ ಕೇಳಸಂಗಿಲ್ಲೇನು? ಯಾಕ ಸುಮ್ಮ ನಿಂತೀ? ಇವತ್ತಿನ ಜ್ವಾಳ ಕೊಡಂಗಿಲ್ಲ ನೋಡು!"

"ಬ್ಯಾಡ್ರಿ," ಅಂದಳು ಅಂಬುಬಾಯಿ, ಕಣ್ಣು ಮೇಲಿಂದ ತೆಗೆಯದೆ. "ಒಂದೀಟ ತಡೀರಿ. ಅದು ಇಳೀಲಿ."